ಓಝೋನ್ ಎಣ್ಣೆಯೂ, ನಮ್ಮೂರ ಗಾಣದೆಣ್ಣೆಯೂ, ಗಂಗಾವತಿಯ ಗಜಕರ್ಣವೂ...

ಈಗ ಓಝೋನ್ ಎಣ್ಣೆಯ ಕಾಲ ಸ್ವಾಮಿ. ಒಂದು ಕಾಲಕ್ಕೆ ಅಲೋವೆರಾ ಇತ್ತು, ಆಮೇಲೆ ನೋನಿ ಬಂತು, ಆಮೇಲೆ ಅದ್ಯಾವುದೋ ಬೆರ್ರಿ. ಈಗ ಓಝೋನ್ ಹಾಯಿಸಿದ ಎಣ್ಣೆ. ಆಲಿವ್ ಎಣ್ಣೆಗೆ ಓಝೋನ್, ಸೂರ್ಯಕಾಂತಿ ಎಣ್ಣೆಗೆ ಓಝೋನ್, ಕೊಬ್ಬರಿ ಎಣ್ಣೆಗೂ ಓಝೋನ್. ಮೊಡವೆಯಿಂದ ಹಿಡಿದು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ತನಕ ಎಲ್ಲಕ್ಕೂ ಒಂದೇ ಶೀಶೆ. ಶೀಶೆಯಾದರೂ ಎಷ್ಟು ದೊಡ್ಡದು? ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದು. ಬೆಲೆ ಮಾತ್ರ ನಾಟಿ ಹಚ್ಚುವ ಹೆಣ್ಣುಮಗಳ ಒಂದು ದಿನದ ಕೂಲಿಯಲ್ಲಿ ತೀರುವಂಥದ್ದಲ್ಲ.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಅಂತ ಓಡಾಡಿಕೊಂಡಿರುವ ನನ್ನಂಥವನಿಗೆ ಇದರಲ್ಲಿ ಏನು ಕೆಲಸ ಅಂತ ಕೇಳಬಹುದು. ಕೆಲಸ ಇದೆ. ನಮ್ಮದು ಎಣ್ಣೆಕಾಳಿನ ಸೀಮೆ. ಯಲಬುರ್ಗಾದ ಎರೆ ಹೊಲದಲ್ಲಿ ಕುಸುಬಿ, ಕುಷ್ಟಗಿಯ ಮಸಾರಿಯಲ್ಲಿ ಶೇಂಗಾ, ಎಳ್ಳು, ಎಲ್ಲಾ ಕಡೆ ಸೂರ್ಯಕಾಂತಿ, ಬದುವಿನಲ್ಲಿ ಔಡಲ, ಹಳ್ಳದ ದಂಡೆಗೆ ಬೇವು, ಹುಲಗಲ. ಎಣ್ಣೆ ಅಂದರೆ ಏನು ಅಂತ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಆದರೆ ಅದೇ ಎಣ್ಣೆ ಓಝೋನ್ ಅಂತ ಹೆಸರು ಹಚ್ಚಿಕೊಂಡು ಬಂದ ಕೂಡಲೇ ನಾವು ಬಾಯಿ ಬಿಟ್ಟುಕೊಂಡು ನೋಡುತ್ತೇವಲ್ಲ, ಅದರ ಬಗ್ಗೆ ನನಗೆ ತಕರಾರಿದೆ. ಎಣ್ಣೆಯ ಮೇಲಲ್ಲ, ಅದರ ಹೆಸರಿನಲ್ಲಿ ಕಟ್ಟುವ ಕತೆಯ ಮೇಲೆ.

ಮೊದಲು ಈ ಓಝೋನ್ ಅಂದರೇನು ನೋಡೋಣ. ಶಾಲೆಯಲ್ಲಿ ನಾವೆಲ್ಲ ಓದಿದ್ದು ಓಝೋನ್ ಪದರದ ಬಗ್ಗೆ. ಮೇಲೆ ಆಕಾಶದಲ್ಲಿ ಛತ್ರಿ ಹಿಡಿದು ನಿಂತ ಪುಣ್ಯಾತ್ಮ. ಅದಕ್ಕೆ ತೂತು ಬಿತ್ತು ಅಂತ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಹಾಗಾಗಿ ಓಝೋನ್ ಅಂದರೆ ಒಳ್ಳೆಯದು ಅಂತ ನಮ್ಮ ತಲೆಯಲ್ಲಿ ಕೂತಿದೆ. ಜಾಹೀರಾತಿನವರಿಗೆ ಇದು ಪುಕ್ಕಟೆ ಬಂಡವಾಳ. ನಿಜ ಏನೆಂದರೆ, ಅದೇ ಓಝೋನ್ ನಾವು ಉಸಿರಾಡುವ ಗಾಳಿಯಲ್ಲಿದ್ದರೆ ಅದು ಮಾಲಿನ್ಯ. ಪುಪ್ಪುಸವನ್ನು ಕೆರಳಿಸುತ್ತದೆ, ದಮ್ಮು ಇದ್ದವರಿಗೆ ಇನ್ನೂ ಕಷ್ಟ. ಮೇಲಿದ್ದರೆ ರಕ್ಷಕ, ಕೆಳಗಿದ್ದರೆ ಭಕ್ಷಕ.

1840ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಇದನ್ನು ಗುರುತಿಸಿ ಹೆಸರಿಟ್ಟ. ಗ್ರೀಕಿನಲ್ಲಿ 'ವಾಸನೆ ಬೀರು' ಅನ್ನುವ ಅರ್ಥದ ಶಬ್ದದಿಂದ ಬಂದ ಹೆಸರು. ಸಿಡಿಲು ಹೊಡೆದ ಮೇಲೆ ಒಂದು ಚುರುಕು ವಾಸನೆ ಬರುತ್ತದಲ್ಲ, ಅದೇ. 1857ರಲ್ಲಿ ಸೀಮೆನ್ಸ್ ಇದನ್ನು ತಯಾರಿಸುವ ಕೊಳವೆ ಮಾಡಿದ. 1896ರಲ್ಲಿ ನಿಕೋಲಾ ಟೆಸ್ಲಾ ಓಝೋನ್ ಯಂತ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಎಣ್ಣೆ ಮಾರುವವರು ಟೆಸ್ಲಾನ ಫೋಟೋ ಹಾಕಿಕೊಳ್ಳುವುದು ಇದೇ ಕಾರಣಕ್ಕೆ. ಯಂತ್ರದ ಪೇಟೆಂಟ್ ಬೇರೆ, ಮೊಡವೆ ಹೋಗುವುದು ಬೇರೆ. ಇರಲಿ ಬಿಡಿ. 1906ರಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಕುಡಿಯುವ ನೀರನ್ನು ಓಝೋನ್‌ನಿಂದ ಶುದ್ಧ ಮಾಡಲು ಶುರು ಮಾಡಿದರು. ಅದು ಗಟ್ಟಿ ವಿಜ್ಞಾನ, ಇವತ್ತಿಗೂ ಎಷ್ಟೋ ಬಾಟಲಿ ನೀರಿನ ಘಟಕಗಳಲ್ಲಿ ನಡೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಕೊಳೆತ ಗಾಯಗಳಿಗೆ ಓಝೋನ್ ಅನಿಲ ಹಾಯಿಸಿ ನೋಡಿದರು. ಆಗ ಪೆನಿಸಿಲಿನ್ ಇರಲಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚುವ ಕಾಲ.

ಅನಿಲ ಶೀಶೆಯಲ್ಲಿ ನಿಲ್ಲುವುದಿಲ್ಲ. ತಾನಾಗಿಯೇ ಒಡೆದು ಸಾದಾ ಆಮ್ಲಜನಕ ಆಗಿಬಿಡುತ್ತದೆ. ಅದಕ್ಕೇ ಎಣ್ಣೆ ಬಂತು. ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಇಂಗಾಲದ ಸರಪಳಿ ಇರುತ್ತದೆ. ಆ ಸರಪಳಿಯಲ್ಲಿ ಅಲ್ಲಲ್ಲಿ ದ್ವಿಬಂಧ, ಅಂದರೆ ಜೋಡಿ ಕೊಂಡಿ. ಓಝೋನ್ ಬಂದು ಹೊಡೆಯುವುದು ಈ ಜೋಡಿ ಕೊಂಡಿಗೆ. ಕೊಂಡಿ ಬಿಚ್ಚಿ, ಮೂರು ಆಮ್ಲಜನಕ ಎರಡು ಇಂಗಾಲ ಸೇರಿದ ಒಂದು ಉಂಗುರ ಆಗುತ್ತದೆ. ಅದಕ್ಕೆ ಓಝೋನೈಡ್ ಅನ್ನುತ್ತಾರೆ. ಜೊತೆಗೆ ಪೆರಾಕ್ಸೈಡ್, ಆಲ್ಡಿಹೈಡ್‌ಗಳು ಹುಟ್ಟುತ್ತವೆ. ಇದು ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳಿದವನು ಜರ್ಮನಿಯ ರುಡಾಲ್ಫ್ ಕ್ರೀಗೀ, ಕಳೆದ ಶತಮಾನದ ನಡುಭಾಗದಲ್ಲಿ. ಸೂಕ್ಷ್ಮಜೀವಿ ಕೊಲ್ಲುವ ಗುಣ ಇರುವುದು ಈ ಪೆರಾಕ್ಸೈಡ್ ಬಳಗಕ್ಕೆ.

ಅಂದಮೇಲೆ ಒಂದು ಮಾತು ನೆನಪಿಟ್ಟುಕೊಳ್ಳಿ. ಓಝೋನ್ ಎಣ್ಣೆಯ ಶೀಶೆಯಲ್ಲಿ ಓಝೋನ್ ಇರುವುದಿಲ್ಲ. ಓಝೋನ್ ತಿಂದು ಬದಲಾದ ಎಣ್ಣೆ ಇರುತ್ತದೆ. 'ನಿಮ್ಮ ಚರ್ಮಕ್ಕೆ ಶುದ್ಧ ಆಮ್ಲಜನಕ ಉಣಿಸುತ್ತದೆ' ಅಂತ ಬರೆದಿರುತ್ತಾರಲ್ಲ, ಅದು ಬರೀ ಬಣ್ಣದ ಮಾತು. ಚರ್ಮಕ್ಕೆ ಆಮ್ಲಜನಕ ಬರುವುದು ರಕ್ತದಿಂದ, ಮೇಲುಪದರಕ್ಕೆ ಸುತ್ತಲಿನ ಗಾಳಿಯಿಂದ. ಅದಕ್ಕೆ ನಾವು ಇನ್ನೂ ರೊಕ್ಕ ಕೊಡಬೇಕಾಗಿ ಬಂದಿಲ್ಲ. :)

ಈಗ ಇನ್ನೊಂದು ತಮಾಷೆ. ಓಝೋನ್ ಹಿಡಿಯಬೇಕಾದರೆ ಎಣ್ಣೆಯಲ್ಲಿ ಜೋಡಿ ಕೊಂಡಿ ಇರಬೇಕು ಅಂದೆನಲ್ಲ. ಯಾವ ಎಣ್ಣೆಯಲ್ಲಿ ಎಷ್ಟು ಅಂತ ಅಳೆಯಲು ಅಯೋಡಿನ್ ಸಂಖ್ಯೆ ಅಂತ ಒಂದು ಲೆಕ್ಕ ಇದೆ. ನಮ್ಮ ಕುಸುಬಿ ಎಣ್ಣೆಯದು 140ರ ಆಸುಪಾಸು. ಸೂರ್ಯಕಾಂತಿಯದು 120ರ ಮೇಲೆ. ಶೇಂಗಾ, ಆಲಿವ್, ಔಡಲ ಇವೆಲ್ಲ 80-100ರ ಸುತ್ತಮುತ್ತ. ಕೊಬ್ಬರಿ ಎಣ್ಣೆಯದು? ಹತ್ತರ ಆಸುಪಾಸು, ಅಷ್ಟೇ! ಅಂದರೆ ಕೊಬ್ಬರಿ ಎಣ್ಣೆಗೆ ದಿನಗಟ್ಟಲೆ ಓಝೋನ್ ಹಾಯಿಸಿದರೂ ಅದು ಹಿಡಿಯುವುದು ಅತ್ಯಲ್ಪ. ಆದರೂ ಓಝೋನ್ ಕೊಬ್ಬರಿ ಎಣ್ಣೆ ದುಬಾರಿ ಬೆಲೆಗೆ ಮಾರಾಟವಾಗುತ್ತದೆ. ಕೊಳ್ಳುವವನಿಗೆ ರಸಾಯನಶಾಸ್ತ್ರ ಗೊತ್ತಿಲ್ಲ ಅನ್ನುವ ಧೈರ್ಯ, ಮತ್ತೇನಿಲ್ಲ.

ಹಾಗಾದರೆ ಇದೆಲ್ಲ ಬೊಗಳೆಯಾ? ಇಲ್ಲ. ಅಷ್ಟು ಸರಳವಾಗಿ ತಳ್ಳಿಹಾಕುವಂತೆಯೂ ಇಲ್ಲ.

ಈ ಎಣ್ಣೆಯನ್ನು ಗಂಭೀರವಾಗಿ ತೆಗೆದುಕೊಂಡ ದೇಶ ಕ್ಯೂಬಾ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದು ಬಿತ್ತು, ಅತ್ತ ಅಮೆರಿಕದ ದಿಗ್ಬಂಧನ. ಔಷಧಿಗೆ ತತ್ವಾರ. ಅಂಥ ಹೊತ್ತಿನಲ್ಲಿ ಹವಾನಾದ ಓಝೋನ್ ಸಂಶೋಧನಾ ಕೇಂದ್ರದವರು ಸೂರ್ಯಕಾಂತಿ ಎಣ್ಣೆಗೆ ಓಝೋನ್ ಹಾಯಿಸಿ 'ಓಲಿಯೋಝೋನ್' ಅನ್ನುವ ಔಷಧ ಮಾಡಿದರು. ಅವರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಕಾಲಿನ ಬೆರಳ ಸಂದಿಗೆ ಬೂಸು ಹತ್ತಿದ 200 ಜನ ರೋಗಿಗಳು. ಅರ್ಧ ಜನಕ್ಕೆ ಈ ಎಣ್ಣೆ, ಇನ್ನರ್ಧಕ್ಕೆ ಕೀಟೋಕೊನಝೋಲ್ ಮುಲಾಮು. ದಿನಕ್ಕೆ ಎರಡು ಸಲದಂತೆ ಆರು ವಾರ. ಎಣ್ಣೆ ಹಚ್ಚಿದವರಲ್ಲಿ 75 ಶೇಕಡ ಪೂರ್ತಿ ವಾಸಿ, ಮುಲಾಮು ಹಚ್ಚಿದವರಲ್ಲಿ 81 ಶೇಕಡ. ಅಂದರೆ ಹೆಚ್ಚುಕಡಿಮೆ ಸರಿಸಮ. ಇದು ಕಡಿಮೆ ಸಾಧನೆ ಏನಲ್ಲ.

ಇನ್ನೊಂದು, ನಮ್ಮ ಎಳ್ಳೆಣ್ಣೆಯದು. 2011ರಲ್ಲಿ ಇಟಲಿಯ ವಲಾಕಿ ಮತ್ತು ಸಂಗಡಿಗರು ಓಝೋನ್ ಹಾಯಿಸಿದ ಎಳ್ಳೆಣ್ಣೆಯನ್ನು ಇಲಿಗಳ ಗಾಯಕ್ಕೆ ಹಚ್ಚಿ ನೋಡಿದರು. ಪೆರಾಕ್ಸೈಡ್ ಪ್ರಮಾಣ ಹದವಾಗಿದ್ದಾಗ ಗಾಯ ಬೇಗ ಮಾಯಿತು. ಕಡಿಮೆ ಇದ್ದಾಗ, ತೀರ ಹೆಚ್ಚಿದ್ದಾಗ ಆ ಗುಣ ಕಾಣಲಿಲ್ಲ, ಮಾಯುವುದೇ ತಡವಾಯಿತು.

ಇದರಿಂದ ನನಗೆ ತಿಳಿಯುವುದು ಎರಡು. ಒಂದು, ಈ ಎಣ್ಣೆಯಲ್ಲಿ ಏನೋ ಇದೆ. ಎರಡು, ಇರುವುದೆಲ್ಲ ಹದದಲ್ಲಿದೆ. ಹದ ತಪ್ಪಿದರೆ ಔಷಧವೇ ಅಡ್ಡಿ. ಈಗ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುವ ಶೀಶೆ ತೆಗೆದು ನೋಡಿ. ಪೆರಾಕ್ಸೈಡ್ ಸಂಖ್ಯೆ ಎಷ್ಟು ಅಂತ ಬರೆದಿದೆಯಾ? ನಾನು ನೋಡಿದ ಯಾವ ಶೀಶೆಯ ಮೇಲೂ ಇರಲಿಲ್ಲ. ಹದವೇ ಹೇಳದವನಿಗೆ ಕ್ಯೂಬಾದ ಹೆಸರು ಹೇಳುವ ಹಕ್ಕು ಎಲ್ಲಿಂದ ಬಂತು? ಕ್ಯೂಬಾದವರು ಪರೀಕ್ಷೆ ಮಾಡಿದ್ದು ಅವರ ಎಣ್ಣೆಯನ್ನು, ಅವರ ಹದದಲ್ಲಿ, ಕಾಲಿನ ಬೂಸಿಗೆ. ಅದನ್ನು ತಂದು ಸೋರಿಯಾಸಿಸ್‌ಗೆ, ಬಿಳಿ ತೊನ್ನಿಗೆ, ಮುಖದ ಸುಕ್ಕಿಗೆ ಹಚ್ಚಿದರೆ ಅದು ಪರರ ಫಸಲಿಗೆ ನಮ್ಮ ಚೀಲ ಹಿಡಿದಂತೆ.

ಈಗ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಮಾಡುವವರೂ ಹುಟ್ಟಿಕೊಂಡಿದ್ದಾರೆ. ತರಕಾರಿ ತೊಳೆಯುವ ಸಣ್ಣ ಓಝೋನ್ ಯಂತ್ರದ ಕೊಳವೆಯನ್ನು ಎಣ್ಣೆ ಬಾಟಲಿಗೆ ಇಳಿಬಿಟ್ಟು ರಾತ್ರಿಯಿಡೀ ಬಿಡುವುದು. ದಯವಿಟ್ಟು ಬೇಡ. ಎಣ್ಣೆ ಹಿಡಿಯದೆ ಉಳಿದ ಓಝೋನ್ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ, ಅದನ್ನು ಉಸಿರಾಡುವವರು ಮಲಗಿದ ಮಕ್ಕಳು. ಸಾದಾ ಗಾಳಿಯಿಂದ ಓಝೋನ್ ಮಾಡುವಾಗ ಸಾರಜನಕದ ಆಕ್ಸೈಡುಗಳೂ ಜೊತೆಗೆ ಬರುತ್ತವೆ. ಪೆರಾಕ್ಸೈಡ್ ಅನ್ನುವುದು ಬಿಸಿ, ಬಿಸಿಲಿನ ಜೊತೆ ಆಟವಾಡುವ ವಸ್ತುವೂ ಅಲ್ಲ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ?

*

ಇನ್ನು ನಮ್ಮೂರ ಎಣ್ಣೆಗೆ ಬರೋಣ. ನನ್ನ ಪ್ರೀತಿ ಇರುವುದು ಇಲ್ಲಿ, ಆದರೆ ಪ್ರೀತಿ ಅಂತ ಲೆಕ್ಕ ತಪ್ಪಬಾರದು.

'ಎಣ್ಣೆ' ಅನ್ನುವ ಶಬ್ದವೇ ಎಳ್ಳಿನಿಂದ ಬಂದದ್ದು. ಎಳ್ಳು ಮತ್ತು ನೆಯ್ ಸೇರಿ ಎಣ್ಣೆ, ಅಂದರೆ ಎಳ್ಳಿನ ಜಿಡ್ಡು. ಸಂಸ್ಕೃತದ 'ತೈಲ'ವೂ ಅಷ್ಟೇ, ತಿಲದಿಂದ ತೈಲ. ಎಣ್ಣೆಗಳಲ್ಲಿ ಎಳ್ಳೆಣ್ಣೆಯೇ ಶ್ರೇಷ್ಠ ಅಂತ ಚರಕ ಸಂಹಿತೆಯೂ ಹೇಳುತ್ತದೆ. ಇಟಗಿಯ ಮಹಾದೇವ ದೇವಾಲಯ ನೋಡಿದ್ದೀರಲ್ಲ? ಮೊದಲು ಯಲಬುರ್ಗಾ ತಾಲ್ಲೂಕು, ಈಗ ಕುಕನೂರು ತಾಲ್ಲೂಕು. ಅದನ್ನು 1112ರಲ್ಲಿ ಕಟ್ಟಿಸಿದ್ದು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಅಂತ ಸಂಸ್ಕೃತದಲ್ಲಿ ಗ್ರಂಥ ಬರೆದ. ಅದರಲ್ಲಿ ರಾಜನ ಸ್ನಾನದ ಬಗ್ಗೆಯೇ ಒಂದು ಭಾಗ ಇದೆ, ಪರಿಮಳದ ಎಣ್ಣೆ ಹಚ್ಚಿ ಮೈ ತಿಕ್ಕಿಸಿಕೊಳ್ಳುವ ವಿವರ ಸಮೇತ. ಅಂದರೆ ಎಣ್ಣೆ ಹಚ್ಚಿ ಎರಕೊಳ್ಳುವ ಸುಖ ನಮ್ಮ ಸೀಮೆಗೆ ಒಂಬೈನೂರು ವರ್ಷಗಳಷ್ಟು ಹಳೆಯದಾದರೂ ಹೌದು.

ಹಳ್ಳಿಗಳಲ್ಲಿ ಹಳೇ ಕಲ್ಲಿನ ಗಾಣಗಳು ಇನ್ನೂ ಬಿದ್ದಿವೆ, ಹುಡುಗರು ಹತ್ತಿ ಕೂರುತ್ತಾರೆ. ಎತ್ತು ಸುತ್ತುವ ಗಾಣ ಹೋಗಿ ಎಣ್ಣೆ ಮಿಲ್ಲು ಬಂತು, ಮಿಲ್ಲು ಹೋಗಿ ಪಾಕೀಟು ಬಂತು. ಈಗ ಮತ್ತೆ 'ಕಟ್ಟಿಗೆ ಗಾಣದ ಎಣ್ಣೆ' ಅಂತ ಬೋರ್ಡು ಹಾಕಿದ ಅಂಗಡಿಗಳು ಬಂದಿವೆ, ಕರೆಂಟಿನ ಮೋಟರಿನಿಂದ ತಿರುಗುವ ಗಾಣ. ಒಳ್ಳೆಯದೇ. ಕಣ್ಣೆದುರು ಕಾಳು ಹಾಕಿ ಕಣ್ಣೆದುರು ಎಣ್ಣೆ ತೆಗೆದರೆ ಕಲಬೆರಕೆಯ ಭಯ ಕಡಿಮೆ, ಹಿಂಡಿ ದನಕ್ಕಾಗುತ್ತದೆ.

ಈ ಎಣ್ಣೆಗಳು ಚರ್ಮಕ್ಕೆ ಏನು ಮಾಡುತ್ತವೆ? ಚಳಿಗಾಲದಲ್ಲಿ ಒಡೆಯುವ ಹಿಮ್ಮಡಿ, ಕೆರೆಯುವ ಒಣ ಮೈಗೆ ನೀರಿನಂಶ ಹಾರಿಹೋಗದಂತೆ ತಡೆಯುತ್ತವೆ. ಅದು ನಿಜವಾದ ಉಪಕಾರ. ಎಲ್ಲಾ ಎಣ್ಣೆ ಒಂದೇ ಅಲ್ಲ. ಕುಸುಬಿ, ಸೂರ್ಯಕಾಂತಿಯಲ್ಲಿ ಲಿನೋಲೀಕ್ ಆಮ್ಲ ಹೆಚ್ಚು, ಚರ್ಮದ ಹೊರಗೋಡೆ ಕಟ್ಟಲು ಬೇಕಾದ ಸಾಮಾನು ಅದು. ಆಲಿವ್ ಎಣ್ಣೆಯಲ್ಲಿ ಒಲೀಕ್ ಆಮ್ಲ ಹೆಚ್ಚು. 2013ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ ಆಲಿವ್ ಎಣ್ಣೆ ಚರ್ಮದ ಗೋಡೆಯನ್ನು ಸಡಿಲ ಮಾಡಿತು, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಇನ್ನೂ ದೊಡ್ಡ ಸಂಗತಿ ನಮ್ಮ ಪಕ್ಕದ ಬಾಂಗ್ಲಾದೇಶದ್ದು. ಢಾಕಾ ಶಿಶು ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಆಸ್ಪತ್ರೆಯಲ್ಲಿ ತಗಲುವ ಸೋಂಕು 41 ಶೇಕಡ ಕಡಿಮೆಯಾಯಿತು ಅಂತ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಓಝೋನ್ ಇಲ್ಲ, ಏನಿಲ್ಲ. ಸಾದಾ ಎಣ್ಣೆ. ಕುಷ್ಟಗಿ ಹೊಲದಲ್ಲಿ ತಲೆಯೆತ್ತಿ ನಿಲ್ಲುವ ಹೂವಿನದು.

ಇಷ್ಟು ಹೇಳಿದ ಮೇಲೆ ಇದಕ್ಕೊಂದು 'ಆದರೆ' ಇದೆ. ಕೂಸಿನ ಮೈಗೆ ಹಚ್ಚುವುದು ಸರಿ, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು ತಪ್ಪು. ಮೂಗಿನ ಎಣ್ಣೆ ಪುಪ್ಪುಸಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಬಾಣಂತನ ಮಾಡುವ ಅಜ್ಜಿಯರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಬೇವಿನೆಣ್ಣೆ ದನದ ಗಾಯಕ್ಕೆ ಹಚ್ಚಿ, ಕೂಸಿನ ಬಾಯಿಗೆ ಮಾತ್ರ ಬೇಡವೇ ಬೇಡ, ಜೀವಕ್ಕೇ ಅಪಾಯ. ಕುತ್ತಿಗೆ, ಬೆನ್ನಿನ ಮೇಲೆ ಮಾಸಲು ಚಿಬ್ಬು ಎದ್ದಿದ್ದರೆ ಎಣ್ಣೆ ಹಚ್ಚಬೇಡಿ. ಆ ಚಿಬ್ಬಿನ ಬೂಸು ಬದುಕುವುದೇ ಜಿಡ್ಡು ತಿಂದು. ನಾವು ಔಷಧ ಅಂತ ಹಚ್ಚಿದ್ದು ಅದಕ್ಕೆ ಊಟ!

*

ಈಗ ಅಸಲು ಮಾತು. ನಾನು ಇಷ್ಟೆಲ್ಲ ಕೊರೆಯುತ್ತಿರುವುದು ಯಾಕೆ ಅಂದರೆ, ಈ ಎಣ್ಣೆ ಸೌಂದರ್ಯದ ಮಾತಾಗಿ ಬೆಂಗಳೂರಿನ ಮಾಲ್‌ಗಳಲ್ಲಿ ಉಳಿದಿದ್ದರೆ ನನಗೇನೂ ಚಿಂತೆ ಇರಲಿಲ್ಲ. ಅದು ಗಂಗಾವತಿ, ಕಾರಟಗಿ ಕಡೆಯ ಗದ್ದೆಯ ದಂಡೆಗೆ ಬಂದಾಗ ಅದರ ಅರ್ಥವೇ ಬೇರೆ.

ತುಂಗಭದ್ರಾ ಅಣೆಕಟ್ಟು ಆಗಿ, 1953ರಿಂದ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿ ಭತ್ತದ ಕಣಜ ಆಯಿತು. ಒಂದೇ ಜಿಲ್ಲೆಯಲ್ಲಿ ಯಲಬುರ್ಗಾ, ಕುಷ್ಟಗಿಯವರು ಮಳೆಗೆ ಮುಗಿಲು ನೋಡುತ್ತಾರೆ, ಗಂಗಾವತಿಯವರು ಕಾಲುವೆ ನೋಡುತ್ತಾರೆ. ಒಣ ಸೀಮೆಯವರ ಚರ್ಮದ ಗೋಳು ಒಡಕು, ಬಿರುಕು. ನೀರಾವರಿ ಸೀಮೆಯವರದು ಬೂಸು. ನಾಟಿ ಹಚ್ಚುವ ಹೆಣ್ಣುಮಕ್ಕಳು ದಿನವಿಡೀ ಕೆಸರಲ್ಲಿ ನಿಲ್ಲುತ್ತಾರೆ. ಕಾಲ ಬೆರಳ ಸಂದಿ ಬೆಳ್ಳಗಾಗಿ ಕೊಳೆತಂತೆ ಆಗುತ್ತದೆ, ಸೀಳು ಬಿಡುತ್ತದೆ. ಒದ್ದೆ ಸೀರೆ ಸುತ್ತಿಕೊಂಡ ಸೊಂಟಕ್ಕೆ, ತೊಡೆ ಸಂದಿಗೆ ಗಜಕರ್ಣ. ನಾಚಿಕೆಗೆ ಯಾರಿಗೂ ಹೇಳುವುದಿಲ್ಲ. ಒಬ್ಬರಿಗೆ ಹತ್ತಿದರೆ ಅದೇ ಟವೆಲು, ಅದೇ ಹಾಸಿಗೆಯಿಂದ ಮನೆಮಂದಿಗೆಲ್ಲ.

ಅವರು ಮೊದಲು ಹೋಗುವುದು ಔಷಧಿ ಅಂಗಡಿಗೆ. 'ತುರಿಕಿಗೆ ಒಂದು ಟ್ಯೂಬ್ ಕೊಡ್ರಿ' ಅನ್ನುವುದು. ಕೈಗೆ ಬರುವುದು ಸ್ಟೀರಾಯ್ಡ್ ಬೆರೆಸಿದ ಕ್ರೀಮು. ಹಚ್ಚಿದ ಎರಡು ದಿನಕ್ಕೆ ತುರಿಕೆ ಮಾಯ, ಕೆಂಪು ಮಾಯ. ಬೂಸು ಮಾತ್ರ ಒಳಗೆ ಹಾಯಾಗಿ ಬೆಳೆಯುತ್ತಿರುತ್ತದೆ. ಕ್ರೀಮು ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬರುತ್ತದೆ. ಮತ್ತೆ ಟ್ಯೂಬ್. ಚರ್ಮ ತೆಳ್ಳಗಾಗಿ ಗೆರೆ ಬೀಳುತ್ತದೆ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಕಾಗದದ ಮೇಲೆ. ಈ ನಡುವೆ ನಮ್ಮ ದೇಶದಲ್ಲಿ ಗಜಕರ್ಣದ ಬೂಸೇ ಬದಲಾಗಿದೆ. ಸಾಮಾನ್ಯ ಮಾತ್ರೆಗೆ ಬಗ್ಗದ ಒಂದು ಬಗೆಗೆ 2020ರಲ್ಲಿ ಹೆಸರನ್ನೇ 'ಟ್ರೈಕೊಫೈಟನ್ ಇಂಡೊಟಿನಿಯೆ' ಅಂತ ಇಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ ನೋಡಿ. ಮಾನ ಬಂತಲ್ಲ!

ಇಂಥ ಹೊತ್ತಿನಲ್ಲಿ, ಟ್ಯೂಬಿನಿಂದ ಬೇಸತ್ತವರ ಹತ್ತಿರ ಓಝೋನ್ ಎಣ್ಣೆ ಬರುತ್ತದೆ. 'ಸೈಡ್ ಎಫೆಕ್ಟ್ ಇಲ್ಲ, ನೈಸರ್ಗಿಕ' ಅಂತ. ಸ್ಟೀರಾಯ್ಡಿಗಿಂತ ಇದು ವಾಸಿ ಅಲ್ಲವೇ ಅಂತ ನನ್ನ ಗೆಳೆಯರೊಬ್ಬರು ವಾದ ಮಾಡಿದರು. ಒಪ್ಪುತ್ತೇನೆ, ಸ್ಟೀರಾಯ್ಡಿಗಿಂತ ಬಹಳಷ್ಟು ವಾಸಿ ಇರಬಹುದು. ಆದರೆ ಹರಡಿಕೊಂಡ ಗಜಕರ್ಣಕ್ಕೆ ಬೇಕಾದದ್ದು ಚರ್ಮದ ಡಾಕ್ಟರು, ವಾರಗಟ್ಟಲೆ ಬಿಡದೆ ನುಂಗುವ ಮಾತ್ರೆ, ಮನೆಮಂದಿಗೆಲ್ಲ ಒಟ್ಟಿಗೆ ಚಿಕಿತ್ಸೆ, ಬಿಸಿಲಿಗೆ ಒಣಗಿಸಿದ ಬಟ್ಟೆ. ಕೊಪ್ಪಳದಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಹೋಗುತ್ತದೆ ನಿಜ. ಎಣ್ಣೆ ಶೀಶೆಗೆ ಹೋಗುವುದು ಅದಕ್ಕಿಂತ ಹೆಚ್ಚು.

ಗಜಕರ್ಣದಿಂದ ಜೀವ ಹೋಗುವುದಿಲ್ಲ, ಬಿಡಿ. ಜೀವ, ಕಾಲು ಹೋಗುವ ಸಂಗತಿಗಳೂ ಇವೆ. ಹೋದ ವರ್ಷ ನಮ್ಮ ದೊಡ್ಡವ್ವ ಫೋನ್ ಮಾಡಿದ್ದಳು. ಆಕೆಗೆ ಶುಗರ್ ಬಂದು ಎಷ್ಟೋ ವರ್ಷ.

"ತಮ್ಮಾ, ಕಾಲಾಗ ಒಂದು ಹುಣ್ಣ ಆಗೈತಪಾ. ಮೊಬೈಲ್‌ನ್ಯಾಗ ಯಾವುದೋ ಎಣ್ಣಿ ಬಂದೈತಿ, ಹಚ್ಚಿದ್ರ ಮಾಯ್ತದಂತ. ತರಸ್ಲೇನು?"

"ಹುಣ್ಣ ನೋಯ್ತದೇನ್ ದೊಡ್ಡವ್ವ?"

"ಇಲ್ಲಪಾ, ಒಂಚೂರೂ ನೋಯೂದಿಲ್ಲ. ಅದಕ್ಕ ನಾ ಸುಮ್ನ ಅದೀನಿ."

ಆ 'ನೋಯೂದಿಲ್ಲ' ಅನ್ನುವ ಮಾತೇ ಭಯ ಹುಟ್ಟಿಸುವಂಥದ್ದು. ಶುಗರ್ ಹೆಚ್ಚಾಗಿ ನರ ಸತ್ತರೆ ಹುಣ್ಣು ನೋಯುವುದಿಲ್ಲ. ನೋಯದ ಹುಣ್ಣಿಗೆ ಎಣ್ಣೆ ಹಚ್ಚುತ್ತ ಕೂತ ಒಂದೊಂದು ವಾರವೂ ಒಂದೊಂದು ಬೆರಳಿನ ಲೆಕ್ಕ. ಮರುದಿನವೇ ಆಕೆಯನ್ನು ಅಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದ. ಸತ್ತ ಚರ್ಮ ಕೊರೆದು, ಪಟ್ಟಿ ಕಟ್ಟಿ, ಇನ್ಸುಲಿನ್ ಹಚ್ಚಿ, ಎರಡೂವರೆ ತಿಂಗಳಿಗೆ ಮಾಯಿತು. ಕಾಲು ಉಳಿಯಿತು. ಎಲ್ಲರ ಮನೆಯಲ್ಲೂ ಫೋನ್ ಹಚ್ಚಿ ಕೇಳುವ ರೂಢಿ ಇರುವುದಿಲ್ಲ, ಶೀಶೆ ಸೀದಾ ಮನೆಗೆ ಬರುತ್ತದೆ.

ಹಾಗೆಯೇ, ಮೈಮೇಲೆ ಸ್ಪರ್ಶ ಇಲ್ಲದ ಮಾಸಲು ಮಚ್ಚೆ. ಅದು ಕುಷ್ಠದ ಮೊದಲ ಗುರುತು ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ಪೂರ್ತಿ ವಾಸಿಯಾಗುವ ರೋಗ. ಎಣ್ಣೆ ಹಚ್ಚಿ ಕಾಲ ಕಳೆದರೆ ಬೆರಳು ಸೊಟ್ಟಗಾಗುತ್ತವೆ. ಅವು ಎಣ್ಣೆಗೆ ಮರಳಿ ಬರುವುದಿಲ್ಲ, ಓಝೋನ್ ಇರಲಿ ಇಲ್ಲದಿರಲಿ.

*

ಇಷ್ಟಕ್ಕೆಲ್ಲ ಕಾನೂನು ಇಲ್ಲವೇ? ಬೇಕಾದಷ್ಟಿದೆ. 1940ರ ಔಷಧ ಮತ್ತು ಪ್ರಸಾಧನ ಕಾಯಿದೆ ಸ್ಪಷ್ಟವಾಗಿ ಗೆರೆ ಎಳೆದಿದೆ. ಅಂದ ಹೆಚ್ಚಿಸಲು, ಮೈ ಶುಚಿ ಮಾಡಲು ಹಚ್ಚುವುದು ಪ್ರಸಾಧನ. ರೋಗ ವಾಸಿ ಮಾಡುತ್ತದೆ ಅಂದರೆ ಅದು ಔಷಧ, ಅದಕ್ಕೆ ಔಷಧದ ಲೈಸೆನ್ಸ್ ಬೇಕು. 1954ರ ಮಾಂತ್ರಿಕ ಪರಿಹಾರಗಳ ಕಾಯಿದೆಯಂತೂ ಸಕ್ಕರೆ ಕಾಯಿಲೆ, ಕುಷ್ಠ, ತೊನ್ನು, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನೇ ಅಪರಾಧ ಅನ್ನುತ್ತದೆ. ಎಣ್ಣೆ ಮಾರುವವರ ಜಾಣತನ ಎಲ್ಲಿದೆ ಗೊತ್ತಾ? ಶೀಶೆಯ ಮೇಲೆ 'ತ್ವಚೆಯ ಆರೈಕೆಗೆ' ಅಂತ ಸಾಧುವಾಗಿ ಬರೆದಿರುತ್ತಾರೆ. ಹುಣ್ಣು, ತೊನ್ನು, ಸೋರಿಯಾಸಿಸ್ ಎಲ್ಲಾ ವಿಡಿಯೋದಲ್ಲಿ, ವಾಟ್ಸಾಪಿನಲ್ಲಿ. ಶೀಶೆ ಪ್ರಸಾಧನ, ಬಾಯಿ ಔಷಧ.

ಗವಿಮಠದ ಜಾತ್ರೆಯಲ್ಲಿ ಬೇರು, ಎಣ್ಣೆ ಹರಡಿಕೊಂಡು ಕೂತವರನ್ನು ಕಂಡರೆ ಪ್ಯಾಂಟು ಶರ್ಟಿನವರು ಮೂಗು ಮುರಿಯುತ್ತಾರೆ. ನಮ್ಮ ಹಕ್ಕಿಪಿಕ್ಕಿ ಜನ ಕೂದಲೆಣ್ಣೆ, ಗಿಡಮೂಲಿಕೆ ಹಿಡಿದುಕೊಂಡು ಆಫ್ರಿಕಾದ ತನಕ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ನೂರಕ್ಕೂ ಹೆಚ್ಚು ಮಂದಿ ಅಲ್ಲಿ ಸಿಕ್ಕಿಕೊಂಡಿದ್ದು ಪೇಪರಿನಲ್ಲಿ ಬಂದಾಗಲೇ ಎಷ್ಟೋ ಜನಕ್ಕೆ ಗೊತ್ತಾಗಿದ್ದು. ಹೊಟ್ಟೆಪಾಡಿಗೆ ಎಣ್ಣೆ ಮಾರುವವನನ್ನು ಮೋಸಗಾರ ಅಂದು, ಅದೇ ಬಗೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಹೊಳೆಯುವ ಡಬ್ಬಿಯಲ್ಲಿ ಕೊಟ್ಟರೆ 'ಸೈಂಟಿಫಿಕ್' ಅನ್ನುವುದು ಯಾವ ನ್ಯಾಯ? ನನ್ನ ಪ್ರಕಾರ ತಕ್ಕಡಿ ಒಂದೇ ಇರಬೇಕು. ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: ಏನು ಎಣ್ಣೆ, ಎಷ್ಟು ಹದ, ಯಾರ ಮೇಲೆ ಪರೀಕ್ಷೆ ಮಾಡಿದ್ದೀರಿ, ಯಾವ ಕಾಯಿಲೆಗೆ?

ಹಾಗಂತ ಓಝೋನ್ ಎಣ್ಣೆಯನ್ನು ನಿಷೇಧ ಮಾಡಿ ಅಂತ ನಾನು ಹೇಳುವುದಿಲ್ಲ. ನನ್ನ ಆಸೆ ಬೇರೆಯೇ ಇದೆ. ಓಝೋನ್ ಹಿಡಿಯಲು ಬೇಕಾದ ಜೋಡಿ ಕೊಂಡಿ ದಂಡಿಯಾಗಿ ಇರುವುದು ಕುಸುಬಿಯಲ್ಲಿ, ಸೂರ್ಯಕಾಂತಿಯಲ್ಲಿ ಅಂದೆನಲ್ಲ. ಕುಸುಬಿ ಮುಳ್ಳಿನ ಬೆಳೆ, ನಸುಕಿನಲ್ಲಿ ಇಬ್ಬನಿ ಇರುವಾಗಲೇ ಕೀಳಬೇಕು, ಆಳು ಸಿಗುವುದಿಲ್ಲ ಅಂತ ರೈತರು ಬಿಡುತ್ತ ಬಂದಿದ್ದಾರೆ. ಅಣ್ಣಿಗೇರಿ ಸಂಶೋಧನಾ ಕೇಂದ್ರದ ಎ-1 ತಳಿ ಒಂದು ಕಾಲಕ್ಕೆ ನಮ್ಮ ಕಡೆ ಮನೆಮಾತು. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್ಎಚ್-1 ಬಂದಿದ್ದು 1980ರಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ. ಅಂಥ ನಾಡಿನಲ್ಲಿ ಈಗ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಕೊಪ್ಪಳದ ಮೆಡಿಕಲ್ ಕಾಲೇಜು ಇಬ್ಬರೂ ಕೂಡಿ ಕುಸುಬಿ ಎಣ್ಣೆಗೆ ಹದವಾಗಿ ಓಝೋನ್ ಹಾಯಿಸಿ, ಗಂಗಾವತಿಯ ನಾಟಿ ಹೆಣ್ಣುಮಕ್ಕಳ ಕಾಲಿನ ಬೂಸಿಗೆ, ಅವರ ಒಪ್ಪಿಗೆ ಪಡೆದು, ಮುಲಾಮಿನ ಜೊತೆ ಹೋಲಿಸಿ ಯಾಕೆ ಪರೀಕ್ಷೆ ಮಾಡಬಾರದು? ಕ್ಯೂಬಾದಂಥ ಬಡದೇಶ ಮಾಡಿದ್ದನ್ನು ನಾವು ಮಾಡಲಾರೆವೇ? ಕೆಲಸ ಮಾಡಿದರೆ ಕುಸುಬಿ ಬೆಳೆದವನಿಗೂ ಬೆಲೆ, ಕೆಸರಲ್ಲಿ ನಿಂತವಳಿಗೂ ಅಗ್ಗದ ಔಷಧ. ಕೆಲಸ ಮಾಡದಿದ್ದರೆ ಅದೂ ಗೊತ್ತಾಗಲಿ, ಶೀಶೆಗೆ ಸುರಿಯುವ ರೊಕ್ಕ ಉಳಿಯುತ್ತದೆ.

ಅಲ್ಲಿಯ ತನಕ ನನ್ನ ಸಲಹೆ ಇಷ್ಟೇ. ಒಣ ಮೈಗೆ ಗಾಣದ ಕುಸುಬಿ ಎಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಧಾರಾಳವಾಗಿ ಹಚ್ಚಿ, ಕಮಟು ವಾಸನೆ ಬಂದದ್ದು ಬೇಡ. ತುರಿಕೆ ಎರಡು ವಾರ ದಾಟಿದರೆ ಡಾಕ್ಟರ ಹತ್ತಿರ ಹೋಗಿ, ಟ್ಯೂಬಿನ ಹೆಸರು ನೀವೇ ಹೇಳಬೇಡಿ. ಶುಗರ್ ಇದ್ದವರ ಕಾಲಿನ ಹುಣ್ಣು, ಸ್ಪರ್ಶ ಇಲ್ಲದ ಮಚ್ಚೆ ಇವೆರಡಕ್ಕೆ ಒಂದು ದಿನವೂ ಕಾಯಬೇಡಿ. ಯಾರಾದರೂ ಓಝೋನ್ ಎಣ್ಣೆ ಮಾರಲು ಬಂದರೆ ಪೆರಾಕ್ಸೈಡ್ ಸಂಖ್ಯೆ ಎಷ್ಟು ಅಂತ ಒಂದೇ ಒಂದು ಪ್ರಶ್ನೆ ಕೇಳಿ. ಉತ್ತರ ಬಂದರೆ ಮಾತು ಮುಂದುವರಿಸಿ. ಬರದಿದ್ದರೆ ಚಾ ಕುಡಿಸಿ ಕಳಿಸಿ, ನಮ್ಮ ಕಡೆ ಮನೆಗೆ ಬಂದವರನ್ನು ಹಾಗೇ ಕಳಿಸುವುದಿಲ್ಲ :)

ಏನಂತೀರಿ?